ಟ್ಯೂನಿಂಗ್ ಮಾಡಿಸಿದರೆ ಸಾಕೇ?

ಮುಳ್ಳಯ್ಯನಗಿರಿಗೆ ಅಬ್ಬರಿಸುತ್ತ ಏರುವ ಬೈಕ್ ಸವಾರರದು ಒಂದೇ ವಾದ: ‘ಸೈಲೆನ್ಸರ್ ಬದಲಿಸಿ ಟ್ಯೂನಿಂಗನ್ನೂ ಮಾಡಿಸಿದ್ದೇವೆ.’ ಟ್ಯೂನಿಂಗ್ ಬೇಕೆಂಬುದು ನಿಜವೇ. ಕಾರ್ಬ್ಯುರೇಟರ್ ಬೈಕಿಗೆ ತಡೆಯಿಲ್ಲದ ಸೈಲೆನ್ಸರ್ ಜೋಡಿಸಿದರೆ ಮಿಶ್ರಣದಲ್ಲಿ ಪೆಟ್ರೋಲು ಕಡಿಮೆಯಾಗಿ ಎಂಜಿನ್ ಕಾಯುತ್ತದೆ. ದೊಡ್ಡ ಜೆಟ್ ಹಾಕಬೇಕಾಗುತ್ತದೆ. ಇಂಜೆಕ್ಷನ್ ಬೈಕಿನ ಆಮ್ಲಜನಕ ಸಂವೇದಕವು ಸಾವಧಾನದ ಓಟದಲ್ಲಿ ಅಷ್ಟಿಷ್ಟು ಸರಿದೂಗಿಸೀತು. ಘಾಟಿಯ ಏರಿನಲ್ಲಿ ಥ್ರಾಟಲ್ ಪೂರ್ತಿ ತಿರುಚಿದಾಗ ಅದರ ಮಾತು ನಡೆಯದು. ಆದರೆ ಇಡೀ ಕೊಳವೆಯನ್ನೇ ಬದಲಿಸುವಾಗ ಕಿತ್ತೆಸೆದ ಕ್ಯಾಟಲಿಟಿಕ್ ಕನ್ವರ್ಟರನ್ನು ಯಾವ ಟ್ಯೂನಿಂಗ್ ಮರಳಿ ತಂದೀತು? ಕಾರ್ಬನ್ ಮಾನಾಕ್ಸೈಡು, ಉರಿಯದ ಪೆಟ್ರೋಲಿನ ಆವಿ ನೇರ ಶೋಲಾ ಕಾಡಿಗೆ. ಸದ್ದಂತೂ (ಅದಕ್ಕಾಗಿಯೇ ಅಲ್ಲವೇ ಇಷ್ಟು ಖರ್ಚು!) ಹಾಗೆಯೇ ಉಳಿಯುತ್ತದೆ. ಶಬ್ದ ಮತ್ತು ಹೊಗೆಯ ಮಿತಿ ಮೀರಿದ ವಾಹನ ಓಡಿಸುವುದು 1988ರ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಡಿ ಅಪರಾಧ. ಕೈಮರದ ತನಿಖಾ ಠಾಣೆಯಲ್ಲಿ ಸೈಲೆನ್ಸರನ್ನೂ ಪರೀಕ್ಷಿಸಿಯೇ ಬೈಕನ್ನು ಮೇಲೆ ಬಿಡಬೇಕು.