ಟ್ಯೂಡರ್ ಎಲಿವೇಷನ್ನು, ಅಜ್ಜನ ಕೊಬ್ಬರಿ ಅಟ್ಟ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಈಗ ಅದಕ್ಕೆ ಮೂರನೆಯದೊಂದು ಸೇರಿದೆ: ಎಲಿವೇಷನ್ ಆರಿಸಿ ನೋಡು! ಸೈಟು ಕೊಂಡು, ಬ್ಯಾಂಕಿಗೆ ಅರ್ಜಿ ಹಾಕಿ ಬಂದವರ ಮುಂದೆ ಮೊಬೈಲು ಹಿಡಿದು ಚಿತ್ರ ತೋರಿಸುವುದು ಇವತ್ತಿನ ಪದ್ಧತಿ. ಆ ಚಿತ್ರಗಳಲ್ಲಿ ಒಂದು ಬಲು ಬೇಗ ಕಣ್ಣು ಸೆಳೆಯುತ್ತದೆ. ಕಡಿದಾದ ಮಾಡು, ಬಿಳಿ ಗೋಡೆಯ ಮೇಲೆ ಅಡ್ಡ, ಉದ್ದ, ಓರೆಯಾಗಿ ಕಪ್ಪು ಮರದ ಪಟ್ಟಿ, ಚೌಕುಳಿ ಗಾಜಿನ ಕಿಟಕಿ, ಎತ್ತರದ ಹೊಗೆಗೂಡು. ಹೆಸರು ಟ್ಯೂಡರ್ ಸ್ಟೈಲು. ಸುಳ್ಳು ಯಾಕೆ ಹೇಳಬೇಕು, ಚೆನ್ನಾಗಿಯೇ ಇದೆ.

ಆದರೆ ಅದೇ ಹೊತ್ತಿಗೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಅಜ್ಜನ ಕಾಲದ ತೊಟ್ಟಿ ಮನೆಗಳು ಒಂದೊಂದಾಗಿ ಬೀಳುತ್ತಿವೆ. ಕಂಬ, ಬೋದಿಗೆ, ಬಾಗಿಲುವಾಡ ಎಲ್ಲ ಹಳೇ ಮರದ ವ್ಯಾಪಾರಿಯ ಲಾರಿ ಹತ್ತುತ್ತಿವೆ. ಇಲ್ಲಿ ಬೇಡವಾದ ಕಂಬಕ್ಕೆ ಬೆಂಗಳೂರು ಕಡೆಯ ಹೋಟೆಲು, ರೆಸಾರ್ಟುಗಳಲ್ಲಿ ಭಾರೀ ಮರ್ಯಾದೆ. ನಮ್ಮದನ್ನು ಅವರಿಗೆ ಮಾರಿ, ಇಂಗ್ಲೆಂಡಿನ ಚಿತ್ರವನ್ನು ಗೋಡೆಗೆ ಅಂಟಿಸುವ ಈ ವ್ಯಾಪಾರದಲ್ಲಿ ಲಾಭ ಯಾರಿಗೆ?

ಟ್ಯೂಡರ್ ಅನ್ನುವುದು 1485ರಿಂದ 1603ರವರೆಗೆ ಇಂಗ್ಲೆಂಡನ್ನು ಆಳಿದ ರಾಜಮನೆತನದ ಹೆಸರು. ಆ ಕಾಲದ ರೈತ, ಅಂಗಡಿಯವ ಕಟ್ಟಿಕೊಂಡ ಮನೆಯಲ್ಲಿ ಶೋಕಿಗೆ ಅಂತ ಇದ್ದದ್ದು ಕಮ್ಮಿ. ಓಕ್ ಮರ ಕೈಗೆ ಸಿಗುತ್ತಿತ್ತು, ಅದರಿಂದಲೇ ಚೌಕಟ್ಟು ನಿಲ್ಲಿಸಿದರು. ಕೀಲುಗಳಿಗೆ ಮರದ ಬೆಣೆಯನ್ನೇ ಬಡಿದರು. ನಡುವಿನ ಜಾಗಕ್ಕೆ ಕಡ್ಡಿಯ ತಡಿಕೆ ಹೆಣೆದು, ಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತಿದರು. ನಮ್ಮ ಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ! ಮಳೆ, ಹಿಮ ನಿಲ್ಲದೆ ಜಾರಲಿ ಅಂತ ಮಾಡು ಕಡಿದಾಯಿತು. ಪೇಟೆಯಲ್ಲಿ ಜಾಗ ಇಕ್ಕಟ್ಟಾದ್ದರಿಂದ ಮಹಡಿಯನ್ನು ಬೀದಿಯ ಮೇಲಕ್ಕೆ ಚಾಚಿದರು. ದೊಡ್ಡ ಗಾಜು ಮಾಡುವುದು ಕಷ್ಟವಿತ್ತು, ಸಣ್ಣ ಚೂರುಗಳನ್ನೇ ಸೀಸದ ಪಟ್ಟಿಯಲ್ಲಿ ಕೂಡಿಸಿದರು. ಆ ಕಪ್ಪು ಬಿಳುಪಿನ ಗೀಳು ಕೂಡ ಬಹುಮಟ್ಟಿಗೆ 19ನೇ ಶತಮಾನದ್ದು. ಅದಕ್ಕೆ ಮುಂಚೆ ಎಷ್ಟೋ ಮನೆಗಳ ಓಕ್ ಮರ ಬಣ್ಣವಿಲ್ಲದೆ ಬೂದು ತಿರುಗಿ ನಿಂತಿತ್ತು.

ಅಂದರೆ ಮರ ಅಲ್ಲಿ ಮನೆಯ ಭಾರ ಹೊರುತ್ತಿತ್ತು. ಈಗ ಸಿಮೆಂಟು ಗೋಡೆಗೆ ಅಂಟಿಸುವ ಪಟ್ಟಿ ಏನು ಹೊರುತ್ತದೆ? ಮಾಲೀಕನ ಸಾಲವನ್ನೂ ಹೊರುವುದಿಲ್ಲ.

ಈ ಶೈಲಿ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಬೆಂಗಳೂರು ಅರಮನೆಯೇ ಇದೆಯಲ್ಲ. ಸೆಂಟ್ರಲ್ ಹೈಸ್ಕೂಲಿನ ಪ್ರಿನ್ಸಿಪಾಲರಾಗಿದ್ದ ಪಾದ್ರಿ ಗ್ಯಾರೆಟ್ ಅವರಿಂದ 1873ರಲ್ಲಿ ಆ ಆಸ್ತಿಯನ್ನು ಇನ್ನೂ ಬಾಲಕರಾಗಿದ್ದ ಚಾಮರಾಜೇಂದ್ರ ಒಡೆಯರಿಗಾಗಿ ಕೊಳ್ಳಲಾಯಿತು. 1878ರ ಹೊತ್ತಿಗೆ ಅದು ಬುರುಜು, ತೆನೆಗೋಡೆ, ಕೆತ್ತನೆಯ ಮರಗೆಲಸ ಎಲ್ಲ ಕೂಡಿದ ಟ್ಯೂಡರ್ ಮಾದರಿಯ ಅರಮನೆಯಾಯಿತು. ಒಳಗೆ ಹೋಗಿ ಬಂದವರನ್ನು ಕೇಳಿ. ನೆಲದ ಅಂತಸ್ತಿನಲ್ಲಿ ಆಕಾಶಕ್ಕೆ ತೆರೆದ ಅಂಗಳವಿದೆ, ಕೂರಲು ಕಲ್ಲಿನ ಕಟ್ಟೆಯಿದೆ. ಹೊರಗೆ ಇಂಗ್ಲೆಂಡಾದರೂ ಒಳಗೊಂದು ತೊಟ್ಟಿ ಬೇಕಾಯಿತು!

ಇನ್ನು ನಮ್ಮ ಸೀಮೆಯ ಮನೆ. ಇದರ ಯಜಮಾನ ಯಾರೇ ಇರಲಿ, ಮೇಸ್ತ್ರಿ ಮಾತ್ರ ತೆಂಗಿನಕಾಯಿ. ತಿಪಟೂರಿನ ಉಂಡೆ ಕೊಬ್ಬರಿ ಬಿಸಿಲಿಗೆ ಹಾಕಿದರೆ ಆಗುವಂಥದ್ದಲ್ಲ. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಏರಿಸಿ 8ರಿಂದ 12 ತಿಂಗಳು ಬಿಡಬೇಕು. ಒಳಗಿನ ನೀರು ಹಿಂಗಿ, ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಗಾಳಿಯಾಡದಿದ್ದರೆ ಕಾಯಿ ಕೆಟ್ಟಿತು. ಆದ್ದರಿಂದಲೇ ಮಾಡಿನ ಕೆಳಗೆ ಅಷ್ಟು ಎತ್ತರದ ಅಟ್ಟ, ಸಂದುಬಿಟ್ಟ ಹಲಗೆ, ಬೆಳಕಿಂಡಿ. ಮಟ್ಟೆಕಾಯಿ ಒಂದಕ್ಕೆ ಒಂದು ಕಿಲೋ ಹಿಡಿದರೂ ಐದು ಸಾವಿರ ಕಾಯಿಗೆ ಐದು ಟನ್ ಆಯಿತು. ಆ ಭಾರಕ್ಕೇ ತೊಲೆ ಅಷ್ಟು ದಪ್ಪ, ಹಲಸಿನ ಕಂಬ ಒಬ್ಬನ ತೋಳಿಗೆ ಸಿಗದಷ್ಟು ಗಾತ್ರ. ಕೆಳಗೆ ತೊಟ್ಟಿಯಿಂದ ಗಾಳಿ, ಬೆಳಕು. ಮುಂದೆ ಜಗಲಿ. ಮಳೆ ಹಿಡಿದರೆ ಬಸ್ಸಿಗೆ ಕಾಯುವವನು ಯಾರ ಜಗಲಿಯನ್ನಾದರೂ ಏರುತ್ತಿದ್ದ, ಯಾಕಪ್ಪಾ ಅಂತ ಯಾರೂ ಕೇಳುತ್ತಿರಲಿಲ್ಲ. ಈಗ ಕಾಂಪೌಂಡು, ಗೇಟು, ಒಳಗೆ ನಾಯಿ.

ಹಾಗಂತ ಕೆಡವುವವರನ್ನೆಲ್ಲ ಬೈದು ಫಲವಿಲ್ಲ. ಗೆದ್ದಲು ಹಿಡಿದ ಜಂತೆ, ಮಂಗ ಕಿತ್ತೆಸೆದ ಹೆಂಚು, ಹಳೇ ಕೆಲಸ ಬಲ್ಲ ಬಡಗಿಯ ಕೊರತೆ, ಎಲ್ಲ ನಿಜ. ನಾಲ್ವರು ಅಣ್ಣತಮ್ಮಂದಿರಿಗೆ ಒಂದು ತೊಟ್ಟಿ ಹಂಚುವುದು ಹೇಗೆ? ಎಳನೀರು, ಹಸಿಕಾಯಿ ಮಾರಿ ಕೈತೊಳೆದುಕೊಳ್ಳುವವನಿಗೆ ಅಟ್ಟ ಯಾಕೆ? ಹೊಗೆ ತುಂಬಿದ ಅಡುಗೆಮನೆಯಲ್ಲಿ ಕಣ್ಣು ಕೆಡಿಸಿಕೊಂಡ ಹೆಂಗಸರಿಗೆ ಹಳೇ ಮನೆಯ ಚಂದ ಹೇಳಲು ಹೋದರೆ ಸೌಟಿನ ಏಟೇ ಗತಿ. ಎಲ್ಲ ಮನೆಯನ್ನೂ ಉಳಿಸಿ ಅಂತ ಯಾರೂ ಕೇಳುತ್ತಿಲ್ಲ.

ಕೇಳುವುದು ಇಷ್ಟೇ. ಕೆಡವುವ ಮುಂಚೆ ಮರದ ವ್ಯಾಪಾರಿಯನ್ನು ಕರೆಯುವ ಬದಲು ಒಬ್ಬ ಒಳ್ಳೆ ಬಡಗಿಯನ್ನು ಕರೆದು ತೋರಿಸಿ. ಕಂಬ, ತೊಲೆ ಗಟ್ಟಿಯಿದ್ದರೆ ಮುಂದಿನ ಪಡಸಾಲೆ, ತೊಟ್ಟಿ ಉಳಿಸಿಕೊಂಡು ಹಿಂದೆ ಅಡುಗೆಮನೆ, ಬಚ್ಚಲು ಹೊಸದಾಗಿ ಕಟ್ಟಬಹುದು. ಪೂರ್ತಿ ಹೊಸ ಮನೆಯೇ ಆದರೂ ಗಾಳಿಯಾಡುವ ಅಟ್ಟ, ಮೇಲಿನಿಂದ ಬೆಳಕು, ಎರಡಾಳು ಕೂರುವ ಜಗಲಿ ಬಿಡಲು ಯಾವ ಎಂಜಿನಿಯರೂ ಬೇಡ ಅನ್ನುವುದಿಲ್ಲ, ಯಜಮಾನ ಬಾಯಿಬಿಟ್ಟು ಕೇಳಬೇಕು. ಊರಿನ ಆಡಳಿತದವರು ತಮ್ಮ ಊರಲ್ಲಿ ಇಂಥ ಮನೆ ಎಷ್ಟು ಉಳಿದಿವೆ ಅಂತ ಒಂದು ಪಟ್ಟಿ ಮಾಡಲಿ. ರಿಪೇರಿ ಮಾಡಿ ಉಳಿಸಿಕೊಂಡವರಿಗೆ ಕಂದಾಯದಲ್ಲಿ ಕೊಂಚ ರಿಯಾಯಿತಿ ಕೊಡುವ ದಾರಿ ಹುಡುಕಲಿ.

ಟ್ಯೂಡರ್ ನಾಡಿನವರು ಏನು ಮಾಡಿದರು ಅನ್ನುವುದನ್ನಾದರೂ ನೋಡಬಹುದು. ಸ್ಟ್ರಾಟ್‌ಫರ್ಡ್ ಊರಿನಲ್ಲಿ ಷೇಕ್ಸ್‌ಪಿಯರ್ ಹುಟ್ಟಿದ್ದು ಇಂಥದ್ದೇ ಮರದ ಚೌಕಟ್ಟಿನ ಮನೆಯಲ್ಲಿ. 1847ರಲ್ಲಿ ಅದು ಹರಾಜಿಗೆ ಬಂದಾಗ ಅಮೆರಿಕದ ಸರ್ಕಸ್ ಸಾಹುಕಾರನೊಬ್ಬ ಅದನ್ನು ಬಿಚ್ಚಿ ಹಡಗಿಗೆ ಹಾಕಿಕೊಂಡು ಹೋಗುತ್ತಾನೆ ಅಂತ ಸುದ್ದಿ ಹಬ್ಬಿತು. ಜನ ಚಂದಾ ಎತ್ತಿದರು, ಮನೆ ಕೊಂಡರು. ಅದು ಇವತ್ತಿಗೂ ಅಲ್ಲೇ ನಿಂತಿದೆ.

ನಮ್ಮ ತೊಟ್ಟಿ ಮನೆಗಳಲ್ಲಿ ಷೇಕ್ಸ್‌ಪಿಯರ್ ಹುಟ್ಟದಿರಬಹುದು. ಈ ಸೀಮೆಗೆ ಹೆಸರು, ಅನ್ನ ಕೊಟ್ಟ ಕೊಬ್ಬರಿ ಮಾತ್ರ ಆ ಅಟ್ಟದ ಮೇಲೇ ಹುಟ್ಟಿದ್ದು. ಗೋಡೆಗೆ ಅಂಟಿಸುವ ಕಪ್ಪು ಪಟ್ಟಿ ನಾಳೆಯೂ ಅಂಗಡಿಯಲ್ಲಿ ಸಿಗುತ್ತದೆ. ಲಾರಿ ಹತ್ತಿದ ಹಲಸಿನ ಕಂಬ ವಾಪಸು ಬರುವುದಿಲ್ಲ.