ಯಂತ್ರ ದೊಡ್ಡದಾದರೆ ಸಾಲದು

ಪಾವಗಡ ತಾಲ್ಲೂಕಿನ ವಳ್ಳೂರಿನ ಸುತ್ತ ಇಂದು ಕಣ್ಣು ಹಾಯಿಸಿದಷ್ಟೂ ಸೌರಫಲಕಗಳು. ತಿರುಮಣಿ, ರಾಯಚೆರ್ಲು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹಬ್ಬಿರುವ 2,050 ಮೆಗಾವಾಟ್ ಸೌರ ಉದ್ಯಾನವು ದೂರದ ಊರುಗಳಿಗೆ ಬೆಳಕು ನೀಡುತ್ತಿದೆ. ಆದರೆ ಇದೇ ನೆಲದ ಕೂಸೊಂದು ನಡುರಾತ್ರಿ ನ್ಯುಮೋನಿಯಾದಿಂದ ಏದುಸಿರು ಬಿಡತೊಡಗಿದರೆ ಹೆತ್ತವರ ಕಣ್ಣು ಹೊರಳುವುದು ತುಮಕೂರು, ಬೆಂಗಳೂರುಗಳತ್ತ. ‘ಅಲ್ಲಿ ವೆಂಟಿಲೇಟರ್ ಇದೆ’ ಎಂಬುದೊಂದೇ ಭರವಸೆ. ಆ ಭರವಸೆಯನ್ನೇ ನಾನಿಲ್ಲಿ ಪ್ರಶ್ನಿಸಬಯಸುತ್ತೇನೆ.

ಕೋವಿಡ್ ಕಾಲದಲ್ಲಿ ‘ವೆಂಟಿಲೇಟರ್’ ಮನೆಮಾತಾಯಿತು. ಅದರೊಡನೆ ಎರಡು ಮೂಢನಂಬಿಕೆಗಳೂ ಬೇರೂರಿದವು. ಯಂತ್ರ ಹಾಕಿದರೆ ಮಗು ಉಳಿದಂತೆಯೇ ಎಂಬುದು ಒಂದು. ಹಾಕಿದರೆ ಕಥೆ ಮುಗಿದಂತೆಯೇ ಎಂಬುದು ಇನ್ನೊಂದು. ಎರಡೂ ತಪ್ಪು, ಎರಡೂ ಅಪಾಯಕರ.

ಉಸಿರಿಗೆ ನೀಡುವ ಆಸರೆಯು ಏಣಿಯಂತೆ. ಮೂಗಿನ ಕೊಳವೆಯಿಂದ ಆಮ್ಲಜನಕ ಮೊದಲ ಮೆಟ್ಟಿಲು. ಬೆಚ್ಚಗೆ, ತೇವವಾಗಿ, ರಭಸದಿಂದ ಹರಿಸುವ ‘ಹೈ ಫ್ಲೋ’ ಮತ್ತು ಶ್ವಾಸಕೋಶದ ಗಾಳಿಚೀಲಗಳು ಮುಚ್ಚಿಕೊಳ್ಳದಂತೆ ಸತತ ಒತ್ತಡ ನೀಡುವ ‘ಸಿಪ್ಯಾಪ್’ ಅದರ ಮೇಲಿನವು. ಶ್ವಾಸನಾಳಕ್ಕೆ ನಳಿಕೆ ಇಳಿಸುವ ವೆಂಟಿಲೇಟರ್ ಕೊನೆಯದು. ಸೋತು ಉಸಿರೇ ನಿಲ್ಲುತ್ತಿರುವ ಮಗುವಿಗೆ ಅದು ಬೇಕೇಬೇಕು. ಆಗ ತಡಮಾಡುವುದು ಅಪರಾಧ. ಆದರೆ ನಳಿಕೆಯೊಡನೆ ಸೋಂಕಿನ, ಶ್ವಾಸಕೋಶದ ಗಾಯದ ಭಯವೂ ಬರುತ್ತದೆ. ಬೇಕಾದವರಿಗೆ ಬೇಕಾದ ಮೆಟ್ಟಿಲು: ಇದೇ ವಿವೇಕ.

ಈ ಆಯ್ಕೆ ದೊಡ್ಡ ಆಸ್ಪತ್ರೆಗಳಲ್ಲೂ ಸುಲಭವಲ್ಲ. ಬ್ರಿಟನ್ನಿನ ಮಕ್ಕಳ ತೀವ್ರನಿಗಾ ಘಟಕಗಳ ಅಧ್ಯಯನಗಳು 2022ರಲ್ಲಿ ಪ್ರಕಟವಾದವು. ತೀವ್ರ ಅಸ್ವಸ್ಥತೆಯ ಆರಂಭದಲ್ಲಿ ಹೈ ಫ್ಲೋ, ಸಿಪ್ಯಾಪ್‌ಗಿಂತ ಕಡಿಮೆಯೇನಲ್ಲವೆಂದು ಕಂಡಿತು. ವೆಂಟಿಲೇಟರ್ ತೆಗೆದ ಬಳಿಕವಾದರೋ ಸಿಪ್ಯಾಪ್‌ ಪಡೆದ ಮಕ್ಕಳೇ ಬೇಗ ಆಸರೆಯಿಂದ ಬಿಡುಗಡೆ ಹೊಂದಿದರು. ಹೊತ್ತು ಬದಲಾದರೆ ಉತ್ತರವೂ ಬದಲಾಗುತ್ತದೆ.

ನಮಗೆ ಇನ್ನೂ ಹತ್ತಿರದ ಪಾಠ ಢಾಕಾದ್ದು. ಅಲ್ಲಿನ ವೈದ್ಯರು ಖಾಲಿ ಶ್ಯಾಂಪೂ ಬಾಟಲಿಯ ನೀರಿನಲ್ಲಿ ಕೊಳವೆಯ ತುದಿ ಮುಳುಗಿಸಿ, ಗುಳ್ಳೆಗಳ ಒತ್ತಡದಿಂದಲೇ ‘ಬಬಲ್ ಸಿಪ್ಯಾಪ್’ ರೂಪಿಸಿದರು. 2015ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಸಾಮಾನ್ಯ ಆಮ್ಲಜನಕ ಪಡೆದ ಮಕ್ಕಳಲ್ಲಿ ಶೇ. 15ರಷ್ಟು ಸತ್ತರೆ, ಈ ಸಾಧನ ಪಡೆದವರಲ್ಲಿ ಸತ್ತವರು ಶೇ. 4 ಮಾತ್ರ.

‘ಸಿರಿವಂತರಿಗೆ ಯಂತ್ರ, ಬಡವರಿಗೆ ಬಾಟಲಿಯೇ?’ ಎಂದು ಕೇಳುವವರಿದ್ದಾರೆ. ಬಾಟಲಿಯಲ್ಲಿ ಅವಮಾನವಿಲ್ಲ, ಅವಮಾನವಿರುವುದು ಬಾಟಲಿಯ ಬಳಿ ಯಾರೂ ಇಲ್ಲದಿರುವುದರಲ್ಲಿ. ಆಫ್ರಿಕದ ಮಲಾವಿ ದೇಶದ ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಇಂಥದೇ ಸಾಧನವನ್ನು ವೈದ್ಯರ ದಿನನಿತ್ಯದ ಮೇಲ್ವಿಚಾರಣೆಯಿಲ್ಲದೆ ಬಳಸಿದಾಗ ಶೇ. 17ರಷ್ಟು ಮಕ್ಕಳು ಸತ್ತರು. ಬರಿಯ ಆಮ್ಲಜನಕ ಪಡೆದವರಲ್ಲಿ ಸತ್ತವರು ಶೇ. 11. ಈ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಉಪಕರಣದ ಪಕ್ಕದಲ್ಲಿ ಎಚ್ಚರದ ಕಣ್ಣು ಇಲ್ಲದಿದ್ದರೆ ಉಪಕಾರವೇ ಅಪಕಾರವಾದೀತು.

ಆದುದರಿಂದ ಯಂತ್ರ ಖರೀದಿಸಿ, ರಿಬ್ಬನ್ ಕತ್ತರಿಸಿ, ಛಾಯಾಚಿತ್ರ ತೆಗೆಸಿಕೊಳ್ಳುವ ಔದಾರ್ಯಕ್ಕೆ ನಾವು ಮರುಳಾಗಬಾರದು. ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆಗಳ ಜನಪ್ರತಿನಿಧಿಗಳನ್ನು ನಾವು ಕೇಳಬೇಕಾದುದು ಬೇರೆ: ಮಕ್ಕಳ ವೈದ್ಯರು ರಾತ್ರಿಯೂ ಸಿಗುವರೇ? ತರಬೇತಾದ ದಾದಿಯರು ಸಾಕಷ್ಟಿರುವರೇ? ಆಮ್ಲಜನಕ ಎಂದೂ ಬರಿದಾಗದೇ? 2021ರ ಮೇ ತಿಂಗಳಲ್ಲಿ ಚಾಮರಾಜನಗರದಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಮಂದಿ ಮಡಿದುದನ್ನು ಮರೆಯಲಾದೀತೇ?

ನಮ್ಮ ಪಾಲಿನ ಕರ್ತವ್ಯವೂ ಇದೆ. ಎರಡು ತಿಂಗಳು ತುಂಬಿ ವರ್ಷದೊಳಗಿನ ಕೂಸು ನಿಮಿಷಕ್ಕೆ 50 ಸಲ, ಒಂದರಿಂದ ಐದು ವರ್ಷದ ಮಗು 40 ಸಲ ಅಥವಾ ಹೆಚ್ಚು ಉಸಿರೆಳೆದರೆ, ಎದೆಯ ಕೆಳಭಾಗ ಒಳಸೇದಿದರೆ, ಬೆಳಗಾಗಲೆಂದು ಕಾಯಬಾರದು. ಆಸ್ಪತ್ರೆಯಲ್ಲಿ ‘ದೊಡ್ಡ ಯಂತ್ರ ಹಾಕಿ’ ಎಂದು ಹಟ ಹಿಡಿಯುವ ಬದಲು ‘ಈ ಆಸರೆ ಏಕೆ? ಸಾಲದಿದ್ದರೆ ಮುಂದೇನು? ರಾತ್ರಿ ನೋಡಿಕೊಳ್ಳುವವರಾರು?’ ಎಂದು ಕೇಳೋಣ.

ನಾಡಿಗೆ ಬೆಳಕು ಕೊಟ್ಟ ವಳ್ಳೂರಿನ ಮಕ್ಕಳ ಉಸಿರನ್ನು ಇರುಳೆಲ್ಲ ಎಚ್ಚರವಿದ್ದು ಕಾಯುವವರು ಹತ್ತಿರದಲ್ಲೇ ಇರಬೇಕು. ಇದು ಭಿಕ್ಷೆಯಲ್ಲ, ಆ ಮಕ್ಕಳಿಗೆ ಸಲ್ಲಬೇಕಾದ ಋಣ.