ಹಾರ್ವರ್ಡಿನ ವಿಷಕ್ಕೆ ಸಿಟ್ಟು, ಹುಳುವಿನ ಸುದ್ದಿಗೆ ನಗು

ನಮ್ಮ ಸೀಮೆಯಲ್ಲಿ ವಿಜ್ಞಾನದ ಸುದ್ದಿಗೆ ಸಿಗುವ ಉತ್ತರ ಎರಡೇ. "ಇದು ನಮ್ಮಜ್ಜಂಗೆ ಆವತ್ತೇ ಗೊತ್ತಿತ್ತು ಬಿಡಿ" ಅನ್ನುವುದು ಒಂದು. "ನಮ್ಮಜ್ಜ ಕೇಳಿದ್ರೆ ಬಿದ್ದು ಬಿದ್ದು ನಗ್ತಿದ್ದ" ಅನ್ನುವುದು ಇನ್ನೊಂದು. ಸುದ್ದಿ ಕೊಬ್ಬರಿಗೆ ಅನುಕೂಲವಾಗಿದ್ದರೆ ಮೊದಲನೆಯದು, ವಿರೋಧವಾಗಿದ್ದರೆ ಎರಡನೆಯದು. ಎರಡರಲ್ಲೂ ಅಜ್ಜ ಮಾತ್ರ ಖಾಯಂ ಸಾಕ್ಷಿ. ಕೆ.ಬಿ. ಕ್ರಾಸಿನಲ್ಲಿ ಬಸ್ಸು ಐದು ನಿಮಿಷ ನಿಂತರೆ ಸಾಕು, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕಿನ ವಿಜ್ಞಾನ ವಿಮರ್ಶೆ ಪುಕ್ಕಟೆಯಾಗಿ ಕಿವಿಗೆ ಬೀಳುತ್ತದೆ.

ಈ ನಗೆಯನ್ನು ಹೀಗಳೆಯುವವನು ನಾನಲ್ಲ. ಪೇಪರಿನಲ್ಲಿ ಬಂದದ್ದನ್ನೆಲ್ಲ ನಂಬಿದ ರೈತ ಉದ್ಧಾರವಾದದ್ದನ್ನು ಯಾರೂ ಕಂಡಿಲ್ಲ. ತಕರಾರು ಇರುವುದು ಬೇರೆ ಕಡೆ. ತಲೆ ಕೆಡಿಸಿಕೊಳ್ಳಬೇಕಿಲ್ಲದ ಸುದ್ದಿಗೆ ನಾವು ಕೂಗಾಡುತ್ತೇವೆ, ತಲೆ ಕೆಡಿಸಿಕೊಳ್ಳಬೇಕಾದ ಸುದ್ದಿಗೆ ಹಲ್ಲು ಬಿಡುತ್ತೇವೆ. ಲೆಕ್ಕ ಕೊಡುತ್ತೇನೆ, ಕೇಳಿ.

2018ರಲ್ಲಿ ಕರಿನ್ ಮಿಷೆಲ್ಸ್ ಎಂಬ ಪ್ರೊಫೆಸರಮ್ಮ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಒಂದು ಭಾಷಣ ಮಾಡಿದರು. ಅಲ್ಲಿನ ವಿಶ್ವವಿದ್ಯಾಲಯದವರು, ಅಮೆರಿಕದ ಹಾರ್ವರ್ಡ್‌ನಲ್ಲೂ ಪ್ರೊಫೆಸರ್. ಕೊಬ್ಬರಿ ಎಣ್ಣೆ ಅಪ್ಪಟ ವಿಷ ಎಂದುಬಿಟ್ಟರು. ಮಾತಾಡಿದ್ದು ಜರ್ಮನ್ ಭಾಷೆಯಲ್ಲಿ, ಆದರೆ ಯೂಟ್ಯೂಬಿಗೆ ಭಾಷೆಯ ಹಂಗಿಲ್ಲವಲ್ಲ, ಆಗಸ್ಟ್ ತಿಂಗಳ ಹೊತ್ತಿಗೆ ಊರೂರಿಗೆ ಮುಟ್ಟಿತು. ನಮ್ಮ ದೇಶದ ತೋಟಗಾರಿಕೆ ಕಮಿಷನರ್ ಬಿ.ಎನ್. ಶ್ರೀನಿವಾಸಮೂರ್ತಿಯವರು ಹಾರ್ವರ್ಡಿಗೇ ಪತ್ರ ಬರೆದು ಆಕ್ಷೇಪಣೆ ಸಲ್ಲಿಸಿದರು. ಮಂಡಿಯ ಕಟ್ಟೆಗಳಲ್ಲಿ ಪತ್ರ ಬರೆಯುವ ವ್ಯವಧಾನ ಯಾರಿಗಿದೆ? ಬಾಯಲ್ಲೇ ತೀರ್ಪು. "ವಿಷವಾಗಿದ್ರೆ ಕೇರಳದಲ್ಲಿ ಜನವೇ ಇರ್ತಿರಲಿಲ್ಲವಲ್ಲ ಸ್ವಾಮಿ!" "ವಿಷ ಅಂತ ಖಾತ್ರಿಯಾದ್ರೆ ಮೊದಲು ನುಸಿಗೆ ಹೊಡೆದು ನೋಡೋಣ, ಔಷಧಿ ಖರ್ಚಾದ್ರೂ ಉಳಿಯುತ್ತೆ!"

ನಗೆಯೇನೋ ಚೆನ್ನಾಗಿತ್ತು. ಆದರೆ ಒಂದು ಮಾತು ಯಾರೂ ಕೇಳಲಿಲ್ಲ. ಕೊಬ್ಬರಿ ಎಣ್ಣೆಯಲ್ಲಿ ಅಡಿಗೆ ಮಾಡುವವರು ನಮ್ಮಲ್ಲಿ ಯಾರಿದ್ದಾರೆ? ತಿಪಟೂರಿನಲ್ಲಿ ಕೊಬ್ಬರಿ ಎಣ್ಣೆ ಏರುವುದು ತಲೆಗೆ, ಬಾಣಲೆಗಲ್ಲ. ಒಗ್ಗರಣೆಗೆ ಕಡಲೆಕಾಯಿ ಎಣ್ಣೆ, ಈಚೆಗೆ ಸೂರ್ಯಕಾಂತಿ. ಹೋಟೆಲಿನ ಬೋಂಡ ಮುಳುಗೇಳುವುದು ಬಹಳ ಕಡೆ ಮಲೇಷ್ಯಾ, ಇಂಡೋನೇಷ್ಯಾದಿಂದ ಹಡಗಿನಲ್ಲಿ ಬಂದ ಪಾಮ್ ಎಣ್ಣೆಯಲ್ಲಿ. ತೆಂಗಿನ ಮರದ ನೆರಳಲ್ಲಿ ಕೂತು ತಾಳೆ ಎಣ್ಣೆಯ ಬೋಂಡ ತಿನ್ನುತ್ತಾ ಕೊಬ್ಬರಿ ಎಣ್ಣೆಯ ಮಾನ ಕಾಯುವವರು ನಾವು. ಹೋಗಲಿ, ನಾವು ಮಾರುವ ಉಂಡೆ ಕೊಬ್ಬರಿಯೂ ಬಹುಪಾಲು ಗಾಣಕ್ಕೆ ಹೋಗುವ ಮಾಲಲ್ಲ. ವರ್ಷದ ಹತ್ತಿರ ಅಟ್ಟದ ಮೇಲೆ ಒಣಗಿ, ಅಲ್ಲಾಡಿಸಿದರೆ ಗಡಗಡ ಎಂದು ಸದ್ದು ಮಾಡಿದ ಮೇಲೆ ಸುಲಿಸಿಕೊಂಡು ದೆಹಲಿ, ರಾಜಸ್ಥಾನ, ಉತ್ತರ ಪ್ರದೇಶದ ಕಡೆ ದ್ರಾಕ್ಷಿ ಗೋಡಂಬಿಯ ಸಾಲಿನಲ್ಲಿ ಕೂರುವ ಮಾಲು.

ಹಾಗಾದರೆ ಪ್ರೊಫೆಸರಮ್ಮ ಹೇಳಿದ್ದು ಸುಳ್ಳೇ? ವಿಷ ಎಂಬ ಪದ ವೇದಿಕೆಯ ಪದ, ಚಪ್ಪಾಳೆಗೆ ಆಡಿದ್ದು. ಆದರೆ ಅದರ ಹಿಂದಿನ ಮಾತು ಪೂರಾ ಗಾಳಿಯದಲ್ಲ. ಅಮೆರಿಕದ ಹೃದಯ ಸಂಘದವರು 2017ರಲ್ಲೇ ಹೇಳಿದ್ದರು: ಕೊಬ್ಬರಿ ಎಣ್ಣೆಯಲ್ಲಿ 100ಕ್ಕೆ 82 ಪಾಲು ಸ್ಯಾಚುರೇಟೆಡ್ ಕೊಬ್ಬು, ಬೆಣ್ಣೆಯ ಕೊಬ್ಬಿನಲ್ಲಿ 63. 2020ರಲ್ಲಿ 16 ಪ್ರಯೋಗಗಳನ್ನು ಒಟ್ಟಿಗೆ ಜರಡಿ ಹಿಡಿದ ವರದಿಯೊಂದು ಬಂತು. ಸೂರ್ಯಕಾಂತಿಯಂಥ ಎಣ್ಣೆಗಳಿಗೆ ಹೋಲಿಸಿದರೆ ಕೊಬ್ಬರಿ ಎಣ್ಣೆ ತಿಂದವರ ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲು ಡೆಸಿಲೀಟರಿಗೆ 10 ಮಿಲಿಗ್ರಾಂನಷ್ಟು ಜಾಸ್ತಿ. ಒಳ್ಳೆಯದೂ 4ರಷ್ಟು ಏರಿತ್ತು. ಇಷ್ಟೇ ವಿಷಯ. ಅಲ್ಲಿ ಅಳೆದದ್ದು ಎಣ್ಣೆಯನ್ನು, ಸಾರಿಗೆ ರುಬ್ಬಿ ಹಾಕಿದ ಹಿಡಿ ಕಾಯಿಯನ್ನಲ್ಲ. ಎದೆನೋವಿನ ಮನುಷ್ಯ ಡಾಕ್ಟರನ್ನು ಕೇಳಿ ತಿನ್ನಲಿ. ಉಳಿದವರು ಚಟ್ನಿ ಬಿಡುವ ಅಗತ್ಯವಿಲ್ಲ.

ಅಜ್ಜನ ವಿಚಾರಕ್ಕೆ ಬರೋಣ. "ನಮ್ಮಜ್ಜ ದಿನಾ ಅರ್ಧ ಗಿಟುಕು ಕೊಬ್ಬರಿ ಬೆಲ್ಲ ತಿಂದು ತೊಂಬತ್ತು ವರ್ಷ ಬಾಳಿದ" ಎಂಬ ವಾದಕ್ಕೆ ಎದುರಾಡುವ ಧೈರ್ಯ ಬಸ್ಸಿನಲ್ಲಿ ಯಾರಿಗೂ ಇಲ್ಲ. ಒಪ್ಪೋಣ. ಆ ಅಜ್ಜ ಸಂತೆಗೆ ನಡೆದೇ ಹೋಗುತ್ತಿದ್ದ, ತೋಟದ ಬದ ತಾನೇ ಅಗೆಯುತ್ತಿದ್ದ. ಮೊಮ್ಮಗ ಅರ್ಧ ಮೈಲಿಗೂ ಸ್ಕೂಟರ್ ಒದೆಯುತ್ತಾನೆ. ಇನ್ನೊಂದು: ಐವತ್ತಕ್ಕೇ ಹೋದ ಅಜ್ಜಂದಿರ ಮೊಮ್ಮಕ್ಕಳೂ ಅದೇ ಬಸ್ಸಿನಲ್ಲಿ ಕೂತಿರುತ್ತಾರೆ, ಆದರೆ ಅವರು ಆ ಹೊತ್ತಿನಲ್ಲಿ ಬಾಯಿ ಬಿಡುವುದಿಲ್ಲ.

2020ರಲ್ಲಿ ಕೊರೊನಾ ಕಾಲದಲ್ಲಿ ಏನಾಯಿತು ನೋಡಿ. ಫಿಲಿಪೈನ್ಸ್ ದೇಶದವರು ರೋಗಿಗಳಿಗೆ ಕೊಬ್ಬರಿ ಎಣ್ಣೆ ಕೊಟ್ಟು ಪರೀಕ್ಷೆ ಮಾಡುತ್ತಿದ್ದಾರೆ ಎಂಬ ಸುದ್ದಿ ಬಂತು. ಆಗ ಯಾರಿಗೂ ನಗು ಬರಲಿಲ್ಲ. ಆ ದೇಶ ಎಲ್ಲಿದೆ, ಎಷ್ಟು ಜನಕ್ಕೆ ಕೊಟ್ಟರು, ಏನೂ ವಿಚಾರಣೆ ಇಲ್ಲ. ಪ್ರಪಂಚಕ್ಕೆಲ್ಲ ಕೊಬ್ಬರಿ ಎಣ್ಣೆ ಮಾರುವುದರಲ್ಲಿ ಫಿಲಿಪೈನ್ಸೇ ಮುಂದು ಎಂಬುದೂ ನೆನಪಾಗಲಿಲ್ಲ. ಹಾರ್ವರ್ಡಿನವರ ಹಿಂದೆ ಸೋಯಾ ಕಂಪನಿ ಇರಬೇಕು ಎಂದು ಮೂಸಿ ನೋಡುವ ನಮ್ಮ ಮೂಗಿಗೆ ಆವತ್ತು ನೆಗಡಿ.

ಇಷ್ಟೆಲ್ಲ ಕೂಗಾಡಿದ ವಿಷದ ಸುದ್ದಿಯಿಂದ ಮಾರುಕಟ್ಟೆಗೆ ಆದದ್ದೇನು? 2023ರಲ್ಲಿ ಸರ್ಕಾರದ ಬೆಂಬಲ ಬೆಲೆ 11,750 ಇದ್ದಾಗ ತಿಪಟೂರಿನಲ್ಲಿ ಕ್ವಿಂಟಲ್ ಕೊಬ್ಬರಿ 8 ಸಾವಿರದ ಆಸುಪಾಸಿಗೆ ಬಿದ್ದು ರೈತರು ಬೀದಿಗಿಳಿದರು. 2025ರಲ್ಲಿ ಅದೇ ಕೊಬ್ಬರಿ 25 ಸಾವಿರ ದಾಟಿತು. ನಡುವೆ ಹಾರ್ವರ್ಡಿನವರು ಮಾತು ಬದಲಿಸಿದರೇ? ಇಲ್ಲ. ಕಾಯಿಯೇ ಕಮ್ಮಿಯಾಯಿತು. ಬಿಸಿಲು ಒಂದು ಕಡೆ, ರೋಗ ಮತ್ತು ಹುಳು ಇನ್ನೊಂದು ಕಡೆ. ರೇಟು ಕೇಳಿ ಖುಷಿಯಾಗಿ ಅಟ್ಟ ಹತ್ತಿದವರು ಎಷ್ಟೋ ಮಂದಿ ಬರಿಗೈಲಿ ಇಳಿದರು. ಆ ಹುಳುಗಳ ಸುದ್ದಿ ಮಾತ್ರ ಒಳಪುಟದ ಮೂಲೆಯಲ್ಲಿ ಬಂದು ಹೋಗಿತ್ತು, ನಾವು ಅದಕ್ಕೆ ನಕ್ಕಿದ್ದೆವು.

ಮೊದಲು ನುಸಿ. 1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಕಂಡಿತು, ಒಂದೆರಡು ವರ್ಷದಲ್ಲಿ ನಮ್ಮ ತೋಟಗಳಿಗೂ ಕಾಲಿಟ್ಟಿತು. ಮೊದಲು ಗುರುತಾದದ್ದು ಮೆಕ್ಸಿಕೋದಲ್ಲಿ ಎಂದು ವಿಜ್ಞಾನಿಗಳು ಹೇಳಿದರೆ, "ಮೆಕ್ಸಿಕೋದಿಂದ ಯಾವ ಬಸ್ಸಲ್ಲಿ ಬಂತಂತೆ?" ಎಂಬ ಪ್ರಶ್ನೆ. ಕಣ್ಣಿಗೆ ಕಾಣದ ಪ್ರಾಣಿ, ಮಿಲಿಮೀಟರಿನ ಕಾಲು ಭಾಗ, ತೊಟ್ಟಿನ ಕೆಳಗೆ ಕೂತು ಎಳೆಗಾಯಿಯ ರಸ ಹೀರುತ್ತದೆ ಎಂದರೆ, "ಕಾಣದ್ದನ್ನ ನಂಬೋಕೆ ಅದೇನು ದೇವರಾ?" ಅಂದರು. ಕಾಯಿ ಸೊಟ್ಟಗಾಗಿ, ಸಿಪ್ಪೆ ಬಿರುಕು ಬಿಟ್ಟು, ಗಾತ್ರ ಕುಗ್ಗಿದ ಮೇಲೆ ನಗು ನಿಂತಿತು. ಬೇರು ಕತ್ತರಿಸಿ ಔಷಧಿಯ ಚೀಲಕ್ಕೆ ಅದ್ದಿ ಕಟ್ಟಿ ಎಂದಾಗ "ಮರಕ್ಕೆ ಡ್ರಿಪ್ಸಾ!" ಎಂದು ಇನ್ನೊಂದು ಸುತ್ತು ನಗು. ಆದರೂ ಕೊಟ್ಟರು. ಆ ಮಾನೊಕ್ರೊಟೊಫಾಸ್ ಖಡಕ್ ವಿಷ. 2005ರಲ್ಲಿ ತರಕಾರಿಗೆ ಬಳಸುವುದನ್ನೇ ಸರ್ಕಾರ ನಿಷೇಧಿಸಿತು. ಕೊಟ್ಟ ಮೇಲೆ 45 ದಿನ ಕಾಯಿ ಕೀಳಬೇಡಿ ಎಂಬುದು ಸಲಹೆಯ ಎರಡನೆಯ ಸಾಲು. ಎಳನೀರಿನವನು ಟೆಂಪೋ ತಂದು ನಿಲ್ಲಿಸಿ ಕಾಸು ಎಣಿಸುವಾಗ ಆ ಸಾಲು ಯಾರಿಗೆ ನೆನಪಿರುತ್ತದೆ? ಹಾರ್ವರ್ಡಿನ ವಿಷಕ್ಕೆ ಬೆಂಕಿಯಾದವರು ಈ ವಿಷದ ಬಗ್ಗೆ ತುಟಿ ಬಿಚ್ಚಲಿಲ್ಲ. ಈಗ ಬೇವಿನ ಔಷಧಿಯ ಸಲಹೆಯಿದೆ, ಅದೊಂದು ಸಮಾಧಾನ.

ಕಪ್ಪುತಲೆ ಹುಳುವಿನದು ಇನ್ನೂ ಸ್ವಾರಸ್ಯ. ಗರಿಯ ಕೆಳಗೆ ಕೂತು ಹಸಿರನ್ನು ಕೆರೆದು ತಿಂದು ತೋಟಕ್ಕೆ ಬೆಂಕಿ ಬಿದ್ದ ಹಾಗೆ ಮಾಡುವ ಹುಳು. ಅದಕ್ಕೆ ಗೋನಿಯೋಜಸ್ ಎಂಬ ಸಣ್ಣ ಕಣಜವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ತೋಟಕ್ಕೆ ಬಿಡುತ್ತಾರೆ. ಕಣಜ ಹುಳುವಿಗೆ ಚುಚ್ಚಿ ಮರಗಟ್ಟಿಸಿ ಅದರ ಮೈಮೇಲೇ ಮೊಟ್ಟೆ ಇಡುತ್ತದೆ, ಮರಿಗಳು ಹುಳುವನ್ನೇ ತಿಂದು ಬೆಳೆಯುತ್ತವೆ. "ಇರೋ ಹುಳ ಸಾಲದು ಅಂತ ಸೀಸೆಯಲ್ಲಿ ಇನ್ನೊಂದಿಷ್ಟು ತಂದು ಬಿಟ್ರು" ಎಂಬುದು ಇದಕ್ಕೆ ನಮ್ಮ ಜನ ಕೊಡುವ ಸರ್ಟಿಫಿಕೇಟು. ನಗಲಿ, ಚಿಂತೆಯಿಲ್ಲ. ಆದರೆ ನಕ್ಕು ಮನೆಗೆ ಹೋಗಿ ಪಂಪು ಹೊತ್ತು ಔಷಧಿ ಹೊಡೆದರೆ? ಪಕ್ಕದ ತೋಟದವನು ಬಿಡಿಸಿದ ಕಣಜ ಬೇಲಿ ನೋಡಿ ನಿಲ್ಲುವುದಿಲ್ಲ, ಹಾರಿ ಬಂದು ಸಾಯುತ್ತದೆ. ಹುಳು ಮಾತ್ರ ಎರಡೂ ತೋಟದಲ್ಲಿ ಉಳಿಯುತ್ತದೆ. ಇಲ್ಲಿ ಒಬ್ಬನ ನಗೆಗೆ ಇನ್ನೊಬ್ಬ ದಂಡ ಕಟ್ಟುತ್ತಾನೆ.

ಮೂರನೆಯದು ಬಿಳಿ ನೊಣ. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ಕಂಡದ್ದು ಆಮೇಲೆ ಇಲ್ಲಿಗೂ ಬಂತು. ಅಂಟು ಸುರಿಸಿ, ಅದರ ಮೇಲೆ ಕರಿ ಬೂಷ್ಟು ಬೆಳೆಸಿ, ಗರಿಗೆಲ್ಲ ಮಸಿ ಬಳಿಯುತ್ತದೆ. ವಿಜ್ಞಾನಿಗಳ ಸಲಹೆ ಏನು? ರಾಸಾಯನಿಕ ಔಷಧಿ ಹೊಡೆಯಲೇ ಬೇಡಿ. ನೀರು ಹೊಡೆಯಿರಿ, ಹಳದಿ ಅಂಟು ಹಾಳೆ ಕಟ್ಟಿ, ಹೆಚ್ಚಾದರೆ ಬೇವಿನೆಣ್ಣೆ. ನೊಣವನ್ನು ತಿನ್ನುವ ಎನ್ಕಾರ್ಸಿಯಾ ಎಂಬ ಕಣಜ ತಾನಾಗಿಯೇ ಹೆಚ್ಚುತ್ತದೆ. "ಏನೂ ಮಾಡಬೇಡಿ ಅನ್ನೋಕೆ ಇವರಿಗೆ ಸಂಬಳ ಬೇರೆ!" ಎಂದರು. ಆದರೆ ಆ ಸಲಹೆಯೇ ಸರಿಯಿತ್ತು. ಪೂರಾ ಹೋಯಿತು ಎಂದು ನಾನೂ ಹೇಳುವುದಿಲ್ಲ, ಆಗಾಗ ತಿರುಗಿ ಬರುತ್ತದೆ. ಆದರೂ ವಿಷ ಹೊಡೆಯದೆ ಬಿಟ್ಟ ಕಡೆ ಕಣಜ ಬೆಳೆದು ನೊಣವನ್ನು ತಕ್ಕಮಟ್ಟಿಗೆ ಹದ್ದಿನಲ್ಲಿಟ್ಟಿದೆ. ಏನೂ ಕೊಳ್ಳಬೇಡಿ ಎಂಬ ಸಲಹೆಯಿಂದ ಯಾರಿಗೆ ಲಾಭ ಎಂದು ಹುಡುಕಿ ನೋಡಿ. ಹೇಳಿದವನಿಗಂತೂ ಕಮಿಷನ್ ಇಲ್ಲ.

ಯಂತ್ರಗಳ ಮೇಲಿನ ನಗೆಯಲ್ಲಿ ಸ್ವಲ್ಪ ನ್ಯಾಯ ಇದೆ, ಅದನ್ನೂ ಹೇಳಬೇಕು. 2011ರಲ್ಲಿ ತೆಂಗು ಅಭಿವೃದ್ಧಿ ಮಂಡಳಿಯವರು ಮರ ಹತ್ತುವ ಯಂತ್ರ ಕೊಟ್ಟು ಹುಡುಗರಿಗೆ ತರಬೇತಿ ಕೊಡುವ ಯೋಜನೆ ತಂದರು. ಯಂತ್ರ ಒಳ್ಳೆಯದೇ, ಆದರೆ ಹತ್ತುವ ಹುಡುಗ ಬೆಂಗಳೂರಿನ ಬಸ್ಸು ಹತ್ತಿದ್ದ. ಮಾರುಕಟ್ಟೆಗೆ ಇ-ಟೆಂಡರ್ ಬಂದಾಗ "ಕಂಪ್ಯೂಟರಿಗೆ ಕೊಬ್ಬರಿ ಮೂಸೋಕೆ ಮೂಗಿದೆಯಾ?" ಎಂದು ಕೇಳಿದರು. ಒಬ್ಬ ವರ್ತಕ ಬರೆದ ರೇಟು ಇನ್ನೊಬ್ಬನಿಗೆ ಕಾಣದಂತಾದದ್ದು ಒಳ್ಳೆಯದೇ ಆಯಿತು. ಆದರೆ ರೇಟು ಬೀಳುವುದು ತಪ್ಪಲಿಲ್ಲ, ಬಿದ್ದದ್ದು ಬೇಗ ಗೊತ್ತಾಯಿತು ಅಷ್ಟೆ.

ಈಗ ಇಬ್ಬರಿಗೆ ಒಂದೊಂದು ಮಾತು. ಬಸ್ಸಿನ ವಿಮರ್ಶಕರೆ, ಫ್ರೈಬುರ್ಗ್ ದೂರ, ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ತಿಪಟೂರು ತಾಲ್ಲೂಕಿನಲ್ಲೇ ಇದೆ. ಒಣಗಿದ ಗರಿಯೊಂದನ್ನು ಮುರಿದುಕೊಂಡು ಹೋಗಿ ಮುಂದಿಟ್ಟು, ಇದೇನು, ಏನು ಮಾಡಬೇಕು ಎಂದು ಕೇಳಿ. ಉತ್ತರ ಸರಿಯಿಲ್ಲದಿದ್ದರೆ ಅಲ್ಲೇ, ಎದುರಿಗೇ ನಗಬಹುದು.

ಔಷಧಿ ಅಂಗಡಿಯ ಯಜಮಾನ್ರೆ, ನೀವು ಕೋಪಿಸಿಕೊಳ್ಳಬೇಡಿ. ಸಾಲದ ಪುಸ್ತಕದಲ್ಲಿ "ತೆಂಗಿನ ಔಷಧಿ, 1" ಎಂದು ಬರೆದು ಕಳಿಸುವುದನ್ನು ಬಿಟ್ಟು, ಔಷಧಿಯ ಹೆಸರು, ತಾರೀಖು ಹಾಕಿ ಬಿಲ್ಲು ಕೊಡಿ. ಬಿಲ್ಲು ಕೊಡಬೇಕೆಂಬುದು ಕಾನೂನಿನಲ್ಲೇ ಇದೆ. ಅದನ್ನು ರೈತ ತೋಟದ ಮನೆಯ ಬಾಗಿಲಿಗೆ ಅಂಟಿಸಿದರೆ, ಎಳನೀರಿನ ಟೆಂಪೋ ಬಂದಾಗ ತಾರೀಖು ತೋರಿಸಿ, "ಇನ್ನೂ ದಿನ ಆಗಿಲ್ಲ ಕಣಪ್ಪ, ಮುಂದಿನ ತಿಂಗಳು ಬಾ" ಎಂದು ವಾಪಸು ಕಳಿಸಬಹುದು.